ಗಾಳಿಯ ಹಿಡಿತವೂ ನಮ್ಮ ಕನ್ನಡ ಶಾಲೆಯೂ

ಯಾವ ಕೆಲಸಕ್ಕಾದರೂ ಮೊದಲು ಬೇಕಾದುದು ಹಿಡಿತ. ಕೊಯ್ಯುವ ಆಯುಧ ಎಷ್ಟೇ ಹರಿತವಾಗಿರಲಿ, ಕೊಯ್ಯಿಸಿಕೊಳ್ಳುವ ವಸ್ತು ಅಲುಗಾಡುತ್ತಿದ್ದರೆ ಕೆಲಸ ಕೆಡುತ್ತದೆ. ಹಲಗೆಯನ್ನು ಪಾದದಿಂದ ಅದುಮಿ ಹಿಡಿದು ಉಳಿ ನಡೆಸುವ ನಮ್ಮ ಆಚಾರಿಗೆ ಈ ಮಾತನ್ನು ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಅವನ ಕೈ ಉಳಿಯನ್ನು ನಡೆಸಿದರೆ ಕಾಲು ಹಲಗೆಯನ್ನು ಕಾಯುತ್ತದೆ. ನೋಡುವವರ ಕಣ್ಣು ಉಳಿಯ ಮೇಲೆಯೇ ಇರುವುದರಿಂದ ಕಾಲಿನ ಕೆಲಸ ಯಾರ ಗಮನಕ್ಕೂ ಬರುವುದಿಲ್ಲ.

ಇಂದು ಆ ಉಳಿಯ ಸ್ಥಾನಕ್ಕೆ ಸಿ.ಎನ್.ಸಿ. ರೌಟರ್ ಎಂಬ ಯಂತ್ರ ಬಂದಿದೆ. ಅಂಕಿಗಳ ಆಜ್ಞೆಯಿಂದ ನಡೆಯುವ ಕೊರೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಅದೇ ವಂಶದ ರೌಟರ್ ಈಗ ಬಾಗಿಲು, ದೇವರ ಮಂಟಪ, ಅಡುಗೆಮನೆಯ ಕಪಾಟು ಮಾಡುವ ಸಾಮಾನ್ಯ ಮರಗೆಲಸದ ಶೆಡ್ಡುಗಳಿಗೂ ಕಾಲಿಟ್ಟಿದೆ. ನಿಮಿಷಕ್ಕೆ 18,000 ಸುತ್ತು ತಿರುಗುವ ಕಟ್ಟರು, ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಹಲಗೆಯ ಮೇಲೆ ಕೆತ್ತುತ್ತಾ ಹೋಗುತ್ತದೆ. ನೋಡುವವರು ಕಟ್ಟರನ್ನೇ ಬೆರಗಿನಿಂದ ನೋಡುತ್ತಾರೆ. ಆದರೆ ಇಲ್ಲಿಯೂ ಆಚಾರಿಯ ಕಾಲಿನ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲವೇ? ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯನ್ನು ಹಿಡಿಯುವವರು ಯಾರು?

ಸ್ಕ್ರೂ ಹಾಕಿ ಬಿಗಿಯಬಹುದು. ಆದರೆ ಹಲಗೆಯಲ್ಲಿ ತೂತು ಬೀಳುತ್ತದೆ. ಕಟ್ಟರು ಸ್ಕ್ರೂವಿಗೆ ತಗುಲಿದರೆ ಮುರಿಯುತ್ತದೆ. ಅಂಚಿನಲ್ಲಿ ಕ್ಲಾಂಪ್ ಹಾಕಬಹುದು. ಆದರೆ ಅಂಚು ಕೂತರೂ ನಡುಭಾಗ ಉಬ್ಬಿಕೊಂಡೇ ಇರುತ್ತದೆ. ಒಂದೊಂದು ಹಲಗೆಗೂ ಕಟ್ಟಿ ಬಿಚ್ಚುವುದರಲ್ಲಿ ಹೊತ್ತು ಕಳೆಯುತ್ತದೆ. ಈ ತೊಡಕಿಗೆ ಕಂಡುಕೊಂಡ ಪರಿಹಾರವೇ ನಿರ್ವಾತದ ಮೇಜು. ಹಲಗೆಯ ಕೆಳಗಿನ ಗಾಳಿಯನ್ನು ಪಂಪಿನಿಂದ ತೆಗೆದುಬಿಟ್ಟರೆ ಹಲಗೆ ಮೇಜಿಗೆ ಅಂಟಿ ಕೂರುತ್ತದೆ. ಮೊಳೆಯಿಲ್ಲ, ಸ್ಕ್ರೂವಿಲ್ಲ, ಕ್ಲಾಂಪಿಲ್ಲ. ಕೆಲಸ ಮುಗಿದು ಪಂಪು ನಿಲ್ಲಿಸಿದರೆ ಹಲಗೆಯನ್ನು ಹಾಗೆಯೇ ಎತ್ತಿಕೊಳ್ಳಬಹುದು.

ಕನ್ನಡ ಪಾಠ ಹೇಳುವವರಿಗೆ ಈ ಮೇಜಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರು. ಕಾರಣವಿದೆ. ನಮ್ಮ ಹೊಸೂರು ಕಾರ್ಖಾನೆಗಳ ಊರು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಇಲ್ಲಿ ತಲೆಯೆತ್ತಿದ ಮೇಲೆ ನಮ್ಮ ಮಕ್ಕಳ ಮುಂದಿನ ದಾರಿ ಹೊಲದಿಂದ ಯಂತ್ರದ ಕಡೆಗೆ ತಿರುಗಿತು. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಗೋ ಪಾಲಿಟೆಕ್ನಿಕ್‌ಗೋ ಹೋದರೆ ಅಲ್ಲಿ ತಮಿಳು, ಇಂಗ್ಲಿಷ್ ಇರುತ್ತವೆಯೇ ಹೊರತು ಕನ್ನಡವಿರುವುದಿಲ್ಲ. ಆದುದರಿಂದ, “ಯಂತ್ರದ ಮುಂದೆ ನಿಲ್ಲುವ ಹುಡುಗನಿಗೆ ಕನ್ನಡ ಮಾಧ್ಯಮ ಏನು ಕೊಟ್ಟೀತು?” ಎಂದು ಪೋಷಕರು ಕೇಳುತ್ತಾರೆ. ಕೇಳಿ, ಮಗುವಿನ ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡುತ್ತಾರೆ. ಈ ಪ್ರಶ್ನೆಗೆ ಭಾಷಾಭಿಮಾನದ ಭಾಷಣ ಉತ್ತರವಾಗಲಾರದು. ಯಂತ್ರದ ಮಾತಿಗೆ ಯಂತ್ರದಿಂದಲೇ ಉತ್ತರ ಹೇಳಬೇಕು. ಈ ಮೇಜನ್ನು ನಾವು ಆರಿಸಿಕೊಂಡಿರುವುದು ಅದಕ್ಕಾಗಿ.

ಮೇಜು ಹಲಗೆಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಿದರೆ ಬಹುಮಂದಿ ಕೊಡುವ ಉತ್ತರ, “ಪಂಪು ಹೀರಿ ಹಿಡಿಯುತ್ತದೆ” ಎಂಬುದು. ಈ ಉತ್ತರ ತಪ್ಪು. ‘ನಿರ್ವಾತ’ ಎಂಬ ಪದವನ್ನೇ ಬಿಡಿಸಿ ನೋಡೋಣ. ವಾತವೆಂದರೆ ಗಾಳಿ, ನಿರ್ವಾತವೆಂದರೆ ಗಾಳಿಯಿಲ್ಲದ ಸ್ಥಿತಿ. ಇಲ್ಲದಿರುವುದು ಯಾವುದನ್ನಾದರೂ ಹೇಗೆ ಹಿಡಿದೀತು? ಹಿಡಿಯುವುದು ಇರುವ ಗಾಳಿ, ಅಂದರೆ ಹಲಗೆಯ ಮೇಲಿರುವ ಗಾಳಿ. ಕೆಳಗಿನ ಗಾಳಿಯನ್ನು ತೆಗೆಯುವುದಷ್ಟೇ ಪಂಪಿನ ಕೆಲಸ. ಕೆಳಗಿನಿಂದ ಎದುರೊತ್ತುವವರು ಇಲ್ಲವಾದಾಗ ಮೇಲಿನ ಗಾಳಿ ತನ್ನ ಭಾರದಿಂದ ಹಲಗೆಯನ್ನು ಅದುಮುತ್ತದೆ. ಕ್ರಿಯಾಪದ ‘ಹೀರು’ ಅಲ್ಲ, ‘ಒತ್ತು’. ಈ ಒಂದು ಕ್ರಿಯಾಪದ ಸರಿಯಾದರೆ ಮೇಜಿನ ಇಡೀ ರಚನೆ ತಾನಾಗಿ ಅರ್ಥವಾಗುತ್ತದೆ. ತಪ್ಪಿದರೆ ಹೆಚ್ಚು ಹೆಚ್ಚು ದೊಡ್ಡ ಪಂಪು ಕೊಳ್ಳುವುದೇ ಗತಿ. ನಮ್ಮ ಅಭಿಪ್ರಾಯದ ತಿರುಳು ಇಷ್ಟೇ.

ಗಾಳಿಗೆ ಅಷ್ಟು ಬಲವಿದೆಯೇ? ಇದನ್ನು ಜಗತ್ತು ಕಲಿತದ್ದು ಬಾವಿಯ ಪಂಪಿನಿಂದ. ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದೆಂಬುದನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನೀರನ್ನು ಮೇಲೇರಿಸುವುದು ಹೊರಗಿನ ಗಾಳಿಯ ಒತ್ತಡವೇ ಎಂಬುದು 1643ರ ಟಾರಿಚೆಲ್ಲಿಯ ಪಾದರಸದ ಪ್ರಯೋಗದಿಂದ ತಿಳಿಯಿತು. 1657ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ನಗರದಲ್ಲಿ ಆಟೋ ಫಾನ್ ಗೆರಿಕ್ ಎಂಬಾತ ಎರಡು ಲೋಹದ ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿ, ಒಳಗಿನ ಗಾಳಿ ತೆಗೆದು, ಒಂದೊಂದು ಕಡೆಗೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ ಕಥೆ ವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಅಷ್ಟು ದೂರ ಹೋಗುವುದೂ ಬೇಡ. ತೆರೆದ ಬಾವಿಯ ನೀರು ಇಳಿದಂತೆ ಮೋಟಾರನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸುವ ನಮ್ಮ ರೈತರು ನಿತ್ಯವೂ ಮಾಡುತ್ತಿರುವುದು ಇದೇ ಲೆಕ್ಕವನ್ನು.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.03 ಕಿಲೋಗ್ರಾಂ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು ಹತ್ತರಲ್ಲಿ ಒಂದು ಪಾಲು ಕಡಿಮೆ, ಸುಮಾರು 0.93. ಚೆನ್ನೈಯ ಕಡಲ ತೀರದಲ್ಲಿ 76 ಸೆಂಟಿಮೀಟರ್ ನಿಲ್ಲುವ ಪಾದರಸ ಇಲ್ಲಿ 68ರ ಹತ್ತಿರ ನಿಲ್ಲುತ್ತದೆ. ಪಂಪು ಎಷ್ಟೇ ಉತ್ತಮವಾಗಿರಲಿ, ಇಲ್ಲಿನ ಮೇಜು ಇಲ್ಲಿನ ಗಾಳಿಯ ಭಾರಕ್ಕಿಂತ ಹೆಚ್ಚು ಬಲವನ್ನು ಕೊಡಲಾರದು. ಪಂಪೇ ಹಿಡಿಯುತ್ತದೆ ಎಂದು ನಂಬಿದವನಿಗೆ ಈ ವ್ಯತ್ಯಾಸ ಒಗಟು. ಗಾಳಿ ಒತ್ತುತ್ತದೆ ಎಂದು ಅರಿತವನಿಗೆ ಅದು ಸಹಜ.

ಈಗ ಮೇಜನ್ನು ಕಟ್ಟುವ ಬಗೆಯನ್ನು ನೋಡೋಣ. ತಳದಲ್ಲಿ ಗಾಳಿ ಸೋರದ ಒಂದು ಕೆಳಹಲಗೆ ಬೇಕು. ಅದರ ಮೇಲ್ಮೈಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಕಾಲುವೆಗಳನ್ನು ಕೊರೆಯುತ್ತಾರೆ. ನಡುವೆ ಚದುರಂಗದ ಮನೆಗಳಂತೆ ಚೌಕಗಳು ಉಳಿಯುತ್ತವೆ. ಚೌಕಗಳು ಮೇಲಿನ ಭಾರವನ್ನು ಹೊರುತ್ತವೆ, ಕಾಲುವೆಗಳಲ್ಲಿ ಗಾಳಿ ಹರಿಯುತ್ತದೆ. ಕಾಲುವೆಗಳ ತಳದಲ್ಲಿ ತೂತು ಕೊರೆದು ಪಿ.ವಿ.ಸಿ. ಪೈಪಿನ ಮೂಲಕ ಪಂಪಿಗೆ ಸೇರಿಸುತ್ತಾರೆ. ಇದರ ಮೇಲೆ ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯೊಂದನ್ನು ಹಾಸುತ್ತಾರೆ. ನೋಡಲು ಗಟ್ಟಿಯಾಗಿದ್ದರೂ ಈ ಹಲಗೆಯ ಒಡಲಿನಲ್ಲಿ ಗಾಳಿ ನುಸುಳುವಷ್ಟು ಸೂಕ್ಷ್ಮ ಎಡೆಗಳಿವೆ. ಎರಡು ಮುಖಗಳ ಮೇಲ್ಪದರ ಮಾತ್ರ ಹೆಚ್ಚು ದಟ್ಟ. ಆದುದರಿಂದ ಎರಡೂ ಕಡೆ ಅರ್ಧ ಮಿಲಿಮೀಟರಿನಷ್ಟು ಹೆರೆದು ತೆಗೆಯುತ್ತಾರೆ. ನಾಲ್ಕು ಅಂಚುಗಳಿಗೆ ಮಾತ್ರ ಬಣ್ಣವನ್ನೋ ಅಂಟನ್ನೋ ಬಳಿದು ಮುಚ್ಚುತ್ತಾರೆ. ಮುಖವನ್ನು ತೆರೆಯುವುದೇಕೆ, ಅಂಚನ್ನು ಮುಚ್ಚುವುದೇಕೆ? ಗಾಳಿ ಹೊರಡಬೇಕಾದುದು ಕೆಲಸದ ಹಲಗೆಯ ಅಡಿಯಿಂದ. ಬದಿಯಿಂದ ನುಗ್ಗಿದ ಗಾಳಿ ಕೆಳಗೆ ಸೇರಿ ಎದುರೊತ್ತುತ್ತದೆ. ಸೋರಿಕೆಯೆಂದರೆ ಪಂಪಿನ ನಷ್ಟ ಮಾತ್ರವಲ್ಲ, ಹಿಡಿತದ ಶತ್ರುವಿಗೆ ಬಾಗಿಲು ತೆರೆದಂತೆ.

ಪಂಪಿನ ಆಯ್ಕೆಯಲ್ಲಿಯೂ ಇದೇ ವಿವೇಚನೆ ಬೇಕು. ಪಂಪುಗಳಲ್ಲಿ ಮುಖ್ಯವಾಗಿ ಎರಡು ಸ್ವಭಾವದವು ಇವೆ. ತಿರುಗುವ ಪಟ್ಟಿಗಳ ಪಂಪು ಗಾಳಿಯನ್ನು ಬಹುಮಟ್ಟಿಗೆ ಖಾಲಿ ಮಾಡಬಲ್ಲದು, ಆದರೆ ನಿಧಾನವಾಗಿ. ಸೋರಿಕೆ ಹೆಚ್ಚಿದರೆ ಸೋತುಹೋಗುತ್ತದೆ. ಬ್ಲೋವರ್ ಜಾತಿಯದು ಪ್ರತಿ ಚದರ ಸೆಂಟಿಮೀಟರಿಗೆ 0.2 ಅಥವಾ 0.3 ಕಿಲೋಗ್ರಾಮಿನಷ್ಟು ವ್ಯತ್ಯಾಸವನ್ನಷ್ಟೇ ಉಂಟುಮಾಡಿದರೂ ಹೇರಳ ಗಾಳಿಯನ್ನು ಸಾಗಿಸುವುದರಿಂದ ಸೋರಿಕೆಯನ್ನು ತಾಳಿಕೊಳ್ಳುತ್ತದೆ. ಸುತ್ತಲೂ ರಬ್ಬರ್ ಹುರಿ ಕೂರಿಸಿ ಅಲ್ಯೂಮಿನಿಯಂ ತಗಡನ್ನೋ ಅಕ್ರಿಲಿಕ್ ಹಾಳೆಯನ್ನೋ ಹಿಡಿಯಲು ಮೊದಲನೆಯದು ಯೋಗ್ಯ. ಎಂ.ಡಿ.ಎಫ್. ಹಾಸಿದ ಮೇಜಿಗೆ ಎರಡನೆಯದು ಒಗ್ಗುತ್ತದೆ. ಮನೆಯ ಧೂಳು ಹೀರುವ ಯಂತ್ರದ ಮೋಟಾರೂ ಹೆಚ್ಚುಕಡಿಮೆ ಈ ಎರಡನೆಯ ಸ್ವಭಾವದ್ದೇ.

0.2 ಎಂದರೆ ಅಲ್ಪವೆಂದು ಕಾಣಬಹುದು. ಲೆಕ್ಕ ಹಾಕಿ ನೋಡಿ. ಎಂಟು ಅಡಿಗೆ ನಾಲ್ಕು ಅಡಿಯ ಹಲಗೆಯ ವಿಸ್ತೀರ್ಣ ಸುಮಾರು 29,700 ಚದರ ಸೆಂಟಿಮೀಟರ್. ಅದನ್ನು 0.2ರಿಂದ ಗುಣಿಸಿದರೆ ಬರುವ ಒತ್ತು ಸುಮಾರು 6,000 ಕಿಲೋಗ್ರಾಂ, ಅಂದರೆ ಆರು ಟನ್! ಅದೇ ಹತ್ತು ಸೆಂಟಿಮೀಟರ್ ಚೌಕದ ತುಂಡಾದರೆ 20 ಕಿಲೋಗ್ರಾಂ ಮಾತ್ರ. ನಾಲ್ಕು ಸೆಂಟಿಮೀಟರ್ ಚೌಕವಾದರೆ ಬರೀ ಮೂರು ಕಿಲೋಗ್ರಾಂ. ಅಷ್ಟೇ ಅಲ್ಲ, ಕಟ್ಟರು ತುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ಘರ್ಷಣೆ. ಅದು ಒತ್ತಿನ ಮೂರನೆಯ ಒಂದು ಪಾಲು ಎಂದಿಟ್ಟುಕೊಂಡರೆ ಆ ಚಿಕ್ಕ ತುಂಡನ್ನು ಕಾಯುವ ಬಲ ಒಂದು ಕಿಲೋಗ್ರಾಂ ಮಾತ್ರ. ದೊಡ್ಡ ಹಲಗೆ ಬಂಡೆಯಂತೆ ನಿಂತ ಮೇಜಿನಲ್ಲಿ ಸಣ್ಣ ತುಂಡು ಏಕೆ ಹಾರುತ್ತದೆಂಬುದಕ್ಕೆ ಉತ್ತರ ಈ ಗುಣಾಕಾರದಲ್ಲಿದೆ. ಏಳನೆಯ ತರಗತಿಯ ಮಗು ಮಾಡಬಹುದಾದ ಲೆಕ್ಕವಿದು.

ಇನ್ನೊಂದು ತೊಡಕೂ ಇದೆ. ಕಟ್ಟರು ಹಲಗೆಯನ್ನು ಆರಪಾರ ಕತ್ತರಿಸಿದಂತೆಲ್ಲ ಹೊಸ ಸೋರಿಕೆಯ ದಾರಿ ತೆರೆಯುತ್ತದೆ. ಆರು ಮಿಲಿಮೀಟರ್ ಕಟ್ಟರು ಹತ್ತು ಮೀಟರ್ ಕತ್ತರಿಸಿದರೆ 600 ಚದರ ಸೆಂಟಿಮೀಟರಿನಷ್ಟು ಬಾಯಿ ತೆರೆಯಿತೆಂದಾಯಿತು. ಆದುದರಿಂದ ಬಲ್ಲವರು ಮೊದಲ ಸಲ ತಳದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪದರವನ್ನು ಉಳಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಅದನ್ನು ನಯವಾಗಿ ಬಿಡಿಸುತ್ತಾರೆ. ಹಲಗೆಯನ್ನು ಮೇಲಕ್ಕೆ ಸೆಳೆಯುವ ಸುರುಳಿಯ ಕಟ್ಟರಿಗೆ ಬದಲಾಗಿ ಕೆಳಕ್ಕೆ ಅದುಮುವ ಸುರುಳಿಯದನ್ನು ಹಾಕುತ್ತಾರೆ. ಕೆಲಸವಿಲ್ಲದ ಜಾಗದ ಮೇಲೆ ರಬ್ಬರ್ ಹಾಳೆ ಹೊದಿಸುತ್ತಾರೆ. ಕೆಳಹಲಗೆಯನ್ನು ನಾಲ್ಕೋ ಆರೋ ಭಾಗಗಳಾಗಿ ಮಾಡಿ ಒಂದೊಂದಕ್ಕೂ ಒಂದು ವಾಲ್ವ್ ಇಡುತ್ತಾರೆ. ಬೇಕಾದ ಭಾಗವನ್ನಷ್ಟೇ ತೆರೆಯುತ್ತಾರೆ. ಗುಲಾಬಿ ತೋಟಕ್ಕೆ ಹನಿ ನೀರಾವರಿ ಮಾಡಿದ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕೇ? ಎಲ್ಲ ಪಾತಿಗಳ ವಾಲ್ವ್ ಒಮ್ಮೆಗೇ ತೆರೆದರೆ ಕೊನೆಯ ಗಿಡಕ್ಕೆ ನೀರು ಮುಟ್ಟದೆಂಬುದು ಅವರಿಗೆ ಗೊತ್ತು. ಅಲ್ಲಿ ನೀರು, ಇಲ್ಲಿ ಗಾಳಿ. ತೋಟದಲ್ಲಿ ತಿಳಿದದ್ದು ಯಂತ್ರದ ಮೇಜಿನಲ್ಲಿ ಕೆಲಸಕ್ಕೆ ಬರುವುದಾದರೆ, ಆ ಸೇತುವೆಯನ್ನು ಕಟ್ಟಬಲ್ಲದ್ದು ತೋಟದಲ್ಲಿ ಮಾತನಾಡುವ ಭಾಷೆಯೇ ತಾನೇ?

ಇಲ್ಲಿ ನಮಗೆ ಎದುರಾಗುವ ಆಕ್ಷೇಪಗಳನ್ನು ಮರೆಮಾಚುವುದು ಸಲ್ಲದು. ಪಂಪು, ವಾಲ್ವ್, ಗೇಜು, ಕಟ್ಟರು, ಬ್ಲೋವರ್ ಎಲ್ಲವೂ ಇಂಗ್ಲಿಷಿನವೇ ಆಗಿರುವಾಗ ಇದರಲ್ಲಿ ಕನ್ನಡ ಎಲ್ಲಿದೆ ಎನ್ನುವವರುಂಟು. ಇವೆಲ್ಲಕ್ಕೂ ಸಂಸ್ಕೃತದಿಂದ ಹೊಸ ಪದಗಳನ್ನು ಟಂಕಿಸಬೇಕೆನ್ನುವ ಪಂಡಿತರೂ ಉಂಟು. ಎರಡನ್ನೂ ನಾವು ಒಪ್ಪೆವು. ಅಂಗಡಿಯಲ್ಲಿ ಕೇಳಿದರೆ ವಸ್ತು ಕೈಗೆ ಸಿಗುವ ಹೆಸರು ಯಾವುದೋ ಅದೇ ಸರಿಯಾದ ಹೆಸರು. ಹೆಸರು ಯಾವ ಭಾಷೆಯಿಂದ ಬಂದರೂ ಬರಲಿ, ಕ್ರಿಯಾಪದ ನಮ್ಮದಾಗಿರಲಿ. ಒತ್ತು, ಸೋರು, ನುಸುಳು, ಜಾರು, ಅದುಮು, ಉಬ್ಬು, ಹೆರೆ ಎಂಬ ಮಾತುಗಳನ್ನು ನಮ್ಮ ಮಕ್ಕಳು ಕೈಯಿಂದಲೂ ಮೈಯಿಂದಲೂ ಬಲ್ಲರು. ಯೋಚನೆ ನಡೆಯುವುದು ಈ ಮಾತುಗಳಲ್ಲಿ. ಬಾಯಿಪಾಠ ಮಾಡಿದ ಪರಭಾಷೆಯ ವಾಕ್ಯ ಪರೀಕ್ಷೆಯ ದಿನ ಅಂಕ ತಂದೀತು. ಹಲಗೆ ಜಾರುತ್ತಿರುವ ಕ್ಷಣದಲ್ಲಿ ಕಾರಣವನ್ನು ಹೊಳೆಯಿಸಲಾರದು. ಆ ಕ್ಷಣ ಆಟದ್ದೂ ಅಲ್ಲ. ಹಿಡಿತ ತಪ್ಪಿದ ತುಂಡು ನಿಮಿಷಕ್ಕೆ 18,000 ಸುತ್ತಿನ ಕಟ್ಟರಿಗೆ ಸಿಕ್ಕರೆ ಕಲ್ಲಿನಂತೆ ಸಿಡಿದು ಬರುತ್ತದೆ. ಆದ್ದರಿಂದಲೇ ಒತ್ತಡ ಕುಸಿದ ಕೂಡಲೇ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚನ್ನು ಮೇಜಿಗೆ ಜೋಡಿಸುತ್ತಾರೆ. ಆ ಸ್ವಿಚ್ಚು ಏಕಿದೆ ಎಂದು ಅರಿಯದ ಕೆಲಸಗಾರ, ಅದು ಪದೇ ಪದೇ ಕೆಲಸ ನಿಲ್ಲಿಸುತ್ತದೆಂದು ತಂತಿ ಕಿತ್ತು ಹಾಕುವ ಸಂಭವವುಂಟು. ಅರಿತವನು ಸೋರಿಕೆಯನ್ನು ಹುಡುಕುತ್ತಾನೆ.

ಸಿದ್ಧ ಮೇಜು ದುಡ್ಡಿಗೆ ಸಿಗುವಾಗ ಕಟ್ಟುವುದನ್ನು ಕಲಿಯುವುದೇಕೆ ಎಂಬುದು ಮತ್ತೊಂದು ಆಕ್ಷೇಪ. ಕೊಂಡ ಮೇಜಿನ ಮೇಲುಹಲಗೆಯನ್ನೂ ಆಗಾಗ ಹೆರೆಯಬೇಕು, ಸವೆದರೆ ಬದಲಿಸಬೇಕು. ಅದರ ಅಂಚೂ ಸೋರುತ್ತದೆ. ಪಂಪಿನ ಮುಂದಿನ ಜಾಲರಿಗೂ ಧೂಳು ಕಟ್ಟುತ್ತದೆ. ಇವನ್ನೆಲ್ಲ ನೋಡಿಕೊಳ್ಳಬಲ್ಲವನು ಕಟ್ಟಲೂ ಬಲ್ಲವನು. ಉಳಿದವನು ಗುಂಡಿ ಒತ್ತುವವನು. ಅವನ ಜಾಗಕ್ಕೆ ನಾಳೆ ಮತ್ತೊಬ್ಬ ಸುಲಭವಾಗಿ ಬರುತ್ತಾನೆ. ನಮ್ಮ ಶಾಲೆಯಿಂದ ಹೊರಟವರು ಈ ಎರಡನೆಯ ಸಾಲಿನಲ್ಲಿಯೇ ನಿಲ್ಲಬೇಕೆಂಬ ಹಣೆಬರಹವನ್ನು ನಾವು ಒಪ್ಪಿಕೊಳ್ಳಬೇಕೇ?

ಶಾಲೆಯಲ್ಲಿ ರೌಟರ್ ಇಲ್ಲವಲ್ಲ ಎನ್ನಬಹುದು. ಬೇಡ. ಮೇಜಿನ ತತ್ತ್ವವನ್ನು ಕಲಿಯಲು ರೌಟರ್ ಬೇಕಾಗಿಲ್ಲ. ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಮಕ್ಕಳಿಂದ ಒಂದು ಅಡಿ ಚೌಕದ ಮೇಜನ್ನು ಕಟ್ಟಿಸೋಣ. ಕಾಲುವೆ ತೋಡಿದ ಒಂದು ಹಲಗೆ, ಮೇಲೆ ಹೆರೆದ ಎಂ.ಡಿ.ಎಫ್. ತುಂಡು, ಒಂದು ವಾಲ್ವ್, ಹಳೆಯದೊಂದು ಧೂಳು ಹೀರುವ ಯಂತ್ರ, ಇಷ್ಟು ಸಾಕು. ಯಂತ್ರದ ಮೋಟಾರು ತಾನು ಎಳೆಯುವ ಗಾಳಿಯಿಂದಲೇ ತಂಪಾಗುವ ಬಗೆಯದಾದರೆ ಪೈಪಿನಲ್ಲಿ ಒಂದು ಸಣ್ಣ ತೂತು ಬಿಟ್ಟು, ಸ್ವಲ್ಪ ಹೊತ್ತು ಮಾತ್ರ ಓಡಿಸಬೇಕು. ವಿದ್ಯುತ್ತಿನ ಜೋಡಣೆ ಅಧ್ಯಾಪಕರ ಕೈಯಲ್ಲಿಯೇ ಇರಬೇಕು. ಹೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಧೂಳು ತಡೆಯುವ ಒಳ್ಳೆಯ ಮುಸುಕೇ ಬೇಕು. ಆ ಪುಡಿ ಶ್ವಾಸಕೋಶಕ್ಕೆ ಕೆಡುಕು.

ಗೇಜು ಕೊಳ್ಳಲು ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಮಹಡಿಯ ಕಡೆಗೆ ಗೋಡೆಯುದ್ದಕ್ಕೂ ಮೂರೂವರೆ ಮೀಟರ್ ಎತ್ತರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಕಟ್ಟಿ, ಕೆಳತುದಿಯನ್ನು ಬಣ್ಣದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲಿನ ತುದಿಯನ್ನು ಮೇಜಿಗೆ ಸೇರಿಸಿದರಾಯಿತು. 0.2 ಕಿಲೋಗ್ರಾಮಿನ ವ್ಯತ್ಯಾಸಕ್ಕೆ ನೀರು ಎರಡು ಮೀಟರ್ ಏರುತ್ತದೆ. ಅಂಚಿಗೆ ಬಣ್ಣ ಬಳಿಯುವ ಮೊದಲು ಎಷ್ಟು ಏರಿತು, ಬಳಿದ ಮೇಲೆ ಎಷ್ಟು ಏರಿತು ಎಂದು ಗೋಡೆಯ ಮೇಲೆ ಗೆರೆ ಎಳೆಯಲಿ. ಸೋರಿಕೆಯೆಂಬುದು ಆಗ ಪಾಠದ ಪದವಾಗಿ ಉಳಿಯುವುದಿಲ್ಲ, ಗೋಡೆಯ ಮೇಲಿನ ಗೇಣು ಮೊಳವಾಗುತ್ತದೆ. ಮೇಜಿನ ಮೇಲೆ ಹಿಡಿಯುಳ್ಳ ಪ್ಲೈವುಡ್ ತುಂಡನ್ನಿಟ್ಟು ಎತ್ತಲು ಹೇಳಿ. ಒಂದು ಅಡಿ ಚೌಕಕ್ಕೆ ಸುಮಾರು 900 ಚದರ ಸೆಂಟಿಮೀಟರ್, 0.2ರ ಲೆಕ್ಕಕ್ಕೆ 180 ಕಿಲೋಗ್ರಾಂ. ಸೋರಿಕೆಯಲ್ಲಿ ಅರ್ಧ ಹೋದರೂ ಉಳಿದ 90 ಕಿಲೋಗ್ರಾಮನ್ನು ನಮ್ಮ ಶಾಲೆಯ ಯಾವ ಗಟ್ಟಿಗನೂ ಸುಲಭವಾಗಿ ಎತ್ತಲಾರ. ಹದಿನಾರು ಕುದುರೆಗಳಿಲ್ಲದೆಯೇ ಗೆರಿಕ್‌ನ ಪ್ರಯೋಗ ನಮ್ಮ ಅಂಗಳದಲ್ಲಿ ನಡೆದಂತಾಯಿತು.

ಆ ಮೇಜಿನ ಪಕ್ಕದಲ್ಲಿ ನಿಂತು ನೋಡಲು ಬಂದವರಿಗೆ ವಿವರಣೆ ಹೇಳುವ ಮಗು ಅದನ್ನು ಕನ್ನಡದಲ್ಲಿ ಹೇಳಲಿ. ತಮಿಳಿನವರು ಬಂದರೆ ತಮಿಳಿನಲ್ಲಿ, ತೆಲುಗಿನವರು ಬಂದರೆ ತೆಲುಗಿನಲ್ಲಿ ಹೇಳಲಿ. ಮೂರು ಭಾಷೆಗಳ ಬೀದಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ. ಇಂಗ್ಲಿಷಿನಲ್ಲಿಯೂ ಹೇಳಲು ಕಲಿಯಲಿ, ಬೇಡವೆನ್ನುವವರು ನಾವಲ್ಲ. ಒಂದು ಭಾಷೆಯಲ್ಲಿ ತಿಳಿದದ್ದನ್ನು ಇನ್ನೊಂದಕ್ಕೆ ದಾಟಿಸಬಹುದು. ಯಾವ ಭಾಷೆಯಲ್ಲಿಯೂ ತಿಳಿಯದೆ ಇದ್ದುದನ್ನು ಎಲ್ಲಿಗೆ ದಾಟಿಸುವುದು?

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು: ವರ್ಗಾವಣೆ ಪತ್ರ ಕೇಳುವ ಮೊದಲು ಪ್ರದರ್ಶನದ ದಿನ ಬನ್ನಿ, ನಿಮ್ಮ ಮಗುವನ್ನು ಪ್ರಶ್ನೆ ಕೇಳಿ. ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ: ವಿಜ್ಞಾನದ ಪೀರಿಯಡ್ಡು, ಗಣಿತದ ಪೀರಿಯಡ್ಡು, ಕನ್ನಡದ ಪೀರಿಯಡ್ಡು ಎಂಬ ಗೋಡೆಗಳನ್ನು ಈ ಒಂದು ಕೆಲಸಕ್ಕಾದರೂ ತಗ್ಗಿಸೋಣ. ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ಯಾವ ಯಂತ್ರದ ಮುಂದೆ ನಿಂತರೂ, ಅಲ್ಲಿನ ಮೇಸ್ತ್ರಿ ಯಾವ ಭಾಷೆಯಲ್ಲಿ ಮಾತನಾಡಿದರೂ, ಹಲಗೆ ಜಾರಿದಾಗ ನಿಮ್ಮೊಳಗೆ ಮೊದಲು ಏಳಬೇಕಾದ ಪ್ರಶ್ನೆ, “ಗಾಳಿ ಎಲ್ಲಿಂದ ನುಸುಳುತ್ತಿದೆ?” ಎಂಬುದು. ಆ ಪ್ರಶ್ನೆಯನ್ನು ಕೇಳಿಕೊಳ್ಳಲು ನಿಮ್ಮ ತಾಯಿಯ ಮಾತು ಸಾಕು.